ಕಾಲಬಾರ್ ಬೀಜದ ದಿವ್ಯ

ನಮ್ಮ ಹಳೆಯ ಶಾಸನಗಳನ್ನು ಓದಿದವರಿಗೆ ‘ದಿವ್ಯ’ ಎಂಬ ಮಾತು ಹೊಸದಲ್ಲ. ಇಂದು ಆ ಶಬ್ದವನ್ನು ನಾವು ಸೊಗಸಾದುದು, ಅಲೌಕಿಕವಾದುದು ಎಂಬ ಅರ್ಥದಲ್ಲಿ ಬಳಸುತ್ತೇವೆ. ಶಾಸನಗಳ ಕಾಲದಲ್ಲಿ ಅದಕ್ಕೆ ಇನ್ನೊಂದು ಕಠಿಣವಾದ ಅರ್ಥವೂ ಇತ್ತು. ಸಾಕ್ಷಿಗಳಿಂದಲೂ ಪತ್ರಗಳಿಂದಲೂ ತೀರದ ವ್ಯಾಜ್ಯವನ್ನು ದೈವದ ಮುಂದಿಟ್ಟು ತೀರಿಸಿಕೊಳ್ಳುವ ಪರೀಕ್ಷೆಗೆ ದಿವ್ಯವೆಂದು ಹೆಸರು. ಫಲದಿವ್ಯದಲ್ಲಿ ನಿಂತವನು ಕಾದ ಕಬ್ಬಿಣವನ್ನು ಕೈಯಲ್ಲಿ ಹಿಡಿಯಬೇಕು. ಕೈ ಸುಡದಿದ್ದರೆ ಅವನ ಮಾತು ಸತ್ಯ; ಗೆದ್ದವನಿಗೆ ಜಯಪತ್ರ.

ಇಂಥದೇ ಒಂದು ದಿವ್ಯ ಪಶ್ಚಿಮ ಆಫ್ರಿಕದಲ್ಲಿಯೂ ಇತ್ತು. ಇಂದಿನ ನೈಜೀರಿಯದ ಆಗ್ನೇಯ ಮೂಲೆಯಲ್ಲಿ ಕಾಲಬಾರ್ ಎಂಬ ಪ್ರಾಂತವಿದೆ. ಅಲ್ಲಿಯ ನದೀತೀರಗಳಲ್ಲಿ ಬೆಳೆಯುವ ಒಂದು ಬಳ್ಳಿಯ ಬೀಜ, ನೋಡಲು ದೊಡ್ಡ ಅವರೆಕಾಳಿನಂತೆ, ಕಂದುಬಣ್ಣದ್ದು, ಘೋರ ವಿಷ. ಅಪರಾಧದ ಆರೋಪ ಹೊತ್ತವನಿಗೆ ಈ ಬೀಜವನ್ನು ಅರೆದು ಕಲಸಿದ ನೀರನ್ನು ಕುಡಿಸುತ್ತಿದ್ದರು. ವಾಂತಿಮಾಡಿಕೊಂಡು ಬದುಕಿದವನು ನಿರಪರಾಧಿ, ಸತ್ತವನು ಅಪರಾಧಿ. ಇದಕ್ಕೆ ಮುಂದಿನವರು ಒಂದು ವಿವರಣೆ ಕೊಟ್ಟಿದ್ದಾರೆ: ತಪ್ಪುಮಾಡದವನು ಧೈರ್ಯದಿಂದ ಗಟಗಟನೆ ಕುಡಿಯುತ್ತಾನೆ, ಹೊಟ್ಟೆ ಅದನ್ನು ಒಡನೆಯೇ ಹೊರಗೆ ಹಾಕುತ್ತದೆ, ಅಳುಕಿದವನು ಗುಟುಕು ಗುಟುಕಾಗಿ ಕುಡಿದು ವಿಷವನ್ನು ಮೈಗೂಡಿಸಿಕೊಳ್ಳುತ್ತಾನೆ.

ಕನ್ನಡದ ಮೇಷ್ಟ್ರಿಗೆ ಈ ವಿಷಬೀಜದ ಗೊಡವೆ ಏಕೆ ಎಂದು ನೀವು ಕೇಳಬಹುದು. ಕೆಲವು ವರ್ಷಗಳ ಹಿಂದೆ ನನ್ನ ಕಣ್ಣಿನ ವೈದ್ಯರು ಕಣ್ಣಿನೊಳಗಣ ಒತ್ತಡ ಹೆಚ್ಚಿದೆಯೆಂದು ಹೇಳಿ, ದಿನವೂ ರಾತ್ರಿ ಹಾಕಿಕೊಳ್ಳಲು ಹನಿಮದ್ದು ಬರೆದುಕೊಟ್ಟರು. ಗ್ಲಾಕೋಮ ಎಂಬ ಈ ಕಾಯಿಲೆ ಸದ್ದಿಲ್ಲದೆ ದೃಷ್ಟಿಯನ್ನು ಅಂಚಿನಿಂದ ಕಬಳಿಸುತ್ತ ಬರುತ್ತದೆ. ಹಿಂದಿನ ಕಾಲದಲ್ಲಿ ಇದಕ್ಕೆ ಏನು ಮಾಡುತ್ತಿದ್ದರು ಎಂದು ಕೇಳಿದಾಗ ಅವರು ಈ ಕಾಲಬಾರ್ ಬೀಜದ ಹೆಸರು ಹೇಳಿದರು. ಅದರ ವಿಷಸತ್ತ್ವವಾದ ಫೈಸೋಸ್ಟಿಗ್ಮೀನ್ ಕಣ್ಣಿನ ಪಾಪೆಯನ್ನು ಕುಗ್ಗಿಸಿ ಒತ್ತಡವನ್ನು ಇಳಿಸುತ್ತದೆ. 1870ರ ದಶಕದಿಂದ ಅದೇ ಮದ್ದು. ಈಗ ಬೇರೆ ಔಷಧಗಳು ಅದರ ಜಾಗಕ್ಕೆ ಬಂದಿವೆ. ಆ ಬೀಜದ ಬೆನ್ನುಹತ್ತಿ ಓದುತ್ತ ಹೋದವನಿಗೆ ಒಬ್ಬ ಮನುಷ್ಯನ ಪರಿಚಯವಾಯಿತು. ಆತ ಅಮೆರಿಕದ ರಸಾಯನವಿಜ್ಞಾನಿ ಪರ್ಸಿ ಜೂಲಿಯನ್.

ಜೂಲಿಯನ್ ಹುಟ್ಟಿದ್ದು 1899ರ ಏಪ್ರಿಲ್ 11ರಂದು, ಅಲಬಾಮ ರಾಜ್ಯದ ಮಾಂಟ್ಗೊಮರಿ ಪಟ್ಟಣದಲ್ಲಿ. ತಂದೆ ರೈಲ್ವೆ ಅಂಚೆಯ ಗುಮಾಸ್ತರು, ತಾಯಿ ಶಾಲೆಯ ಉಪಾಧ್ಯಾಯಿನಿ. ಅಜ್ಜ ಗುಲಾಮರಾಗಿ ಹುಟ್ಟಿದವರು. ಗುಲಾಮನಾಗಿದ್ದೂ ಅಕ್ಷರ ಕಲಿತ ತಪ್ಪಿಗೆ ಅಜ್ಜನ ಕೈಯ ಎರಡು ಬೆರಳುಗಳನ್ನು ಕತ್ತರಿಸಿದ್ದರೆಂದು ಮೊಮ್ಮಗ ಮುಂದೆ ಹೇಳಿಕೊಂಡಿದ್ದಾರೆ. ಅಂಥ ಮನೆತನದ ಮಕ್ಕಳಿಗೆ ಓದು ಎಂದರೆ ಏನು ಅರ್ಥವಿದ್ದೀತು ಎಂಬುದನ್ನು ನಾನು ಬಿಡಿಸಿ ಹೇಳಬೇಕಾಗಿಲ್ಲ. ಆ ಮನೆಯ ಆರು ಮಕ್ಕಳೂ ಕಾಲೇಜು ಮೆಟ್ಟಿಲು ಹತ್ತಿದರು.

ಆದರೆ ಕಪ್ಪು ಮಕ್ಕಳಿಗೆ ಆ ಊರಿನಲ್ಲಿ ಎಂಟನೆಯ ತರಗತಿಯಿಂದ ಆಚೆಗೆ ಸರಿಯಾದ ಸರಕಾರಿ ಪ್ರೌಢಶಾಲೆಯೇ ಇರಲಿಲ್ಲ. 1916ರಲ್ಲಿ ಇಂಡಿಯಾನ ರಾಜ್ಯದ ಗ್ರೀನ್‌ಕ್ಯಾಸಲ್ ಎಂಬ ಸಣ್ಣ ಊರಿನ ಡಿಪಾವ್ ವಿಶ್ವವಿದ್ಯಾನಿಲಯಕ್ಕೆ ಸೇರಿದ ಹುಡುಗ ಒಂದು ಕಡೆ ಕಾಲೇಜಿನ ಪಾಠ, ಇನ್ನೊಂದು ಕಡೆ ಬಿಟ್ಟುಹೋದ ಪ್ರೌಢಶಾಲೆಯ ಪಾಠ, ಎರಡನ್ನೂ ಒಟ್ಟಿಗೆ ಓದಬೇಕಾಯಿತು. ವಿದ್ಯಾರ್ಥಿನಿಲಯದಲ್ಲಿ ಅವನಿಗೆ ಸ್ಥಳವಿಲ್ಲ. ಊಟ ಹಾಕುವ ಒಂದು ಮನೆ ಸಿಗುವುದಕ್ಕೇ ಒಂದು ದಿನಕ್ಕೂ ಹೆಚ್ಚು ಅಲೆದಾಟ. ಕೊನೆಗೆ ಬಿಳಿಯ ವಿದ್ಯಾರ್ಥಿಗಳ ಒಂದು ವಸತಿಗೃಹದಲ್ಲಿ ಒಲೆಗೆ ಕಲ್ಲಿದ್ದಲು ತುಂಬುವ, ಊಟ ಬಡಿಸುವ ಕೆಲಸ ಹಿಡಿದು, ಅದೇ ಮನೆಯ ಅಟ್ಟದಲ್ಲಿ ಮಲಗಿದ. 1920ರಲ್ಲಿ ಅದೇ ಹುಡುಗ ತನ್ನ ತರಗತಿಗೇ ಮೊದಲಿಗನಾಗಿ ತೇರ್ಗಡೆಯಾದ.

ಇಲ್ಲಿ ನನ್ನ ಒಂದು ನೆನಪನ್ನು ಹೇಳಿ ಮುಂದುವರಿಯುತ್ತೇನೆ. 1980ರ ದಶಕದ ಮಾತು. ನಾನಾಗ ಒಂದು ಕಾಲೇಜಿಗೆ ಹೊಸದಾಗಿ ಸೇರಿದ ಅಧ್ಯಾಪಕ. ಹಳಗನ್ನಡವನ್ನು ಬಾಯಿತುಂಬ ಓದಬಲ್ಲ ಹುಡುಗನೊಬ್ಬ ನನ್ನ ತರಗತಿಯಲ್ಲಿದ್ದ. ದೂರದ ಹಳ್ಳಿಯಿಂದ ಬಸ್ಸಿನಲ್ಲಿ ಬಂದುಹೋಗುವುದು ಅವನಿಗೆ ಕಷ್ಟವಾಗಿತ್ತು. ನಮ್ಮ ಬೀದಿಯ ಮನೆಯೊಂದರ ಹಿತ್ತಲ ಕೋಣೆ ಖಾಲಿಯಿದ್ದುದನ್ನು ಕಂಡು ಅವನಿಗಾಗಿ ಕೇಳಲು ಹೋದೆ. ಮನೆಯ ಯಜಮಾನರು, “ಹುಡುಗ ಯಾವ ಜನ ಮೇಷ್ಟ್ರೇ?” ಎಂದರು. ಹೇಳಿದೆ. “ಆ ಕೋಣೆ ನಮ್ಮ ಅಳಿಯಂದಿರಿಗೆ ಬೇಕಾಗುತ್ತಲ್ಲ” ಎಂದರು. ನಾನು ಒಂದು ಮಾತೂ ಆಡದೆ, ಕೊಟ್ಟ ಕಾಫಿಯನ್ನು ಕುಡಿದು ಎದ್ದು ಬಂದೆ. ಹುಡುಗನಿಗೆ, “ಕೋಣೆ ಖಾಲಿಯಿಲ್ಲವಂತಪ್ಪ” ಎಂದೆ. ಅವನು ನನ್ನ ಮುಖ ನೋಡಿ, “ಗೊತ್ತಾಯ್ತು ಸಾರ್” ಎಂದ. ಮರುವರ್ಷ ಅವನು ಕಾಲೇಜಿಗೆ ಬರಲಿಲ್ಲ. ಗ್ರೀನ್‌ಕ್ಯಾಸಲ್ಲಿನ ಅಟ್ಟದ ವಿಷಯವನ್ನು ಓದಿದಾಗ ಆ ಕಾಫಿಯ ಕಹಿ ನಾಲಗೆಯ ಮೇಲೆ ಮರಳಿ ಬಂತು.

ಜೂಲಿಯನ್ನರ ಕಥೆಗೆ ಬರೋಣ. ತರಗತಿಗೆ ಮೊದಲಿಗರಾದರೂ ಮುಂದಿನ ಸಂಶೋಧನೆಗೆ ವಿದ್ಯಾರ್ಥಿವೇತನ ದೊರೆಯಲಿಲ್ಲ. ಎರಡು ವರ್ಷ ಕಪ್ಪು ಜನರ ಕಾಲೇಜಾದ ಫಿಸ್ಕ್‌ನಲ್ಲಿ ಪಾಠ ಹೇಳಿದರು. ಆಮೇಲೆ ಹಾರ್ವರ್ಡ್ ವಿಶ್ವವಿದ್ಯಾನಿಲಯದಲ್ಲಿ ಅವಕಾಶ ದೊರೆತು 1923ರಲ್ಲಿ ಸ್ನಾತಕೋತ್ತರ ಪದವಿ ಪಡೆದರು. ಪಿಎಚ್.ಡಿ. ಮಾಡಬೇಕಾದರೆ ಸಹಾಯಕ ಅಧ್ಯಾಪಕತನ ಬೇಕು. ದಕ್ಷಿಣ ರಾಜ್ಯಗಳ ಬಿಳಿಯ ವಿದ್ಯಾರ್ಥಿಗಳು ಕರಿಯನಿಂದ ಪಾಠ ಹೇಳಿಸಿಕೊಳ್ಳಲು ಒಪ್ಪಲಾರರೆಂಬ ಕಾರಣದಿಂದ ಅದು ಅವರಿಗೆ ಸಿಗಲಿಲ್ಲ. ಡಾಕ್ಟರೇಟಿಗಾಗಿ 1929ರಲ್ಲಿ ಕಡಲು ದಾಟಿ ವಿಯೆನ್ನಾಕ್ಕೆ ಹೋಗಬೇಕಾಯಿತು. ಅಲ್ಲಿ ಅರ್ನ್‌ಸ್ಟ್ ಷ್ಪೇಟ್ ಎಂಬ ಗುರುವಿನ ಕೈಕೆಳಗೆ ಸಸ್ಯಗಳ ಆಲ್ಕಲಾಯ್ಡುಗಳನ್ನು, ಎಂದರೆ ಗಿಡಗಳೊಳಗಿನ ಕ್ಷಾರಸ್ವಭಾವದ ಉಗ್ರಸತ್ತ್ವಗಳನ್ನು, ಅಭ್ಯಾಸಮಾಡಿ 1931ರಲ್ಲಿ ಪದವಿ ಪಡೆದರು.

ಸ್ವದೇಶಕ್ಕೆ ಮರಳಿ ವಾಷಿಂಗ್‌ಟನ್ನಿನ ಹೊವರ್ಡ್ ವಿಶ್ವವಿದ್ಯಾನಿಲಯದಲ್ಲಿ ಕೆಲಸಮಾಡುತ್ತಿದ್ದಾಗ ಒಂದು ಅಪಖ್ಯಾತಿ ಬಂತು. ವಿಯೆನ್ನಾದಿಂದ ಗೆಳೆಯನೊಬ್ಬನಿಗೆ ಬರೆದ ಖಾಸಗಿ ಪತ್ರಗಳಲ್ಲಿ ಅವರು ಸಹೋದ್ಯೋಗಿಗಳನ್ನು ಹಗುರವಾಗಿ ಆಡಿಕೊಂಡಿದ್ದರು. ಆ ಪತ್ರಗಳು ಪತ್ರಿಕೆಯಲ್ಲಿ ಅಚ್ಚಾದವು; 1932ರಲ್ಲಿ ರಾಜೀನಾಮೆ ಕೊಡಬೇಕಾಯಿತು. ದೊಡ್ಡವರ ಚರಿತ್ರೆಯಲ್ಲಿ ಅವರ ತಪ್ಪುಗಳಿಗೂ ಒಂದು ಸಾಲು ಇರಲೆಂದು ಇದನ್ನು ಹೇಳಿದೆ. ಕೈಹಿಡಿದವರು ಹಳೆಯ ಗುರು, ಡಿಪಾವ್‌ನ ವಿಲಿಯಂ ಬ್ಲಾಂಚರ್ಡ್. ಅಧ್ಯಾಪಕನೆಂಬ ಸ್ಥಾನವಿಲ್ಲದೆ, ಬರಿಯ ಸಂಶೋಧಕನಾಗಿ ಜೂಲಿಯನ್ ತಮ್ಮ ಹಳೆಯ ಕಾಲೇಜಿಗೆ ಬಂದರು. ವಿಯೆನ್ನಾದ ಸಹಪಾಠಿ ಯೋಸೆಫ್ ಪಿಕ್ಲ್ ಜೊತೆಗೂಡಿದರು. ಅವರು ಕೈಗೆತ್ತಿಕೊಂಡದ್ದು ಕಾಲಬಾರ್ ಬೀಜದ ಸತ್ತ್ವವನ್ನು ಪ್ರಯೋಗಶಾಲೆಯಲ್ಲಿ ಕಟ್ಟುವ ಕೆಲಸ.

‘ಕಟ್ಟುವುದು’ ಎಂದೆ. ಸಂಶ್ಲೇಷಣ ರಸಾಯನವೆಂಬ ವಿದ್ಯೆ ಇರುವುದು ಈ ಮಾತಿನಲ್ಲಿಯೇ. ಕವಿಯ ಪದ್ಯವನ್ನು ಪದಚ್ಛೇದಮಾಡಿ, ಅನ್ವಯ ಹೇಳಿ, ಛಂದಸ್ಸನ್ನು ಗುರುತಿಸುವುದು ನಮ್ಮಂಥವರ ಕೆಲಸ. ಹಾಗೆ ಬಿಡಿಸಿ ನೋಡಿದ್ದು ಸರಿಯೋ ತಪ್ಪೋ ಎಂಬುದಕ್ಕೆ ನಮ್ಮಲ್ಲಿ ಕೊನೆಯ ಪ್ರಮಾಣವಿಲ್ಲ. ಪಂಡಿತರು ಜಗಳವಾಡುತ್ತಲೇ ಇರಬಹುದು. ರಸಾಯನಜ್ಞರಿಗೆ ಪ್ರಮಾಣವುಂಟು. ಫೈಸೋಸ್ಟಿಗ್ಮೀನಿನ ಅಣುವಿನಲ್ಲಿ ಇಂಗಾಲ, ಸಾರಜನಕ, ಆಮ್ಲಜನಕಗಳು ಹೇಗೆ ಹೆಣೆದುಕೊಂಡಿವೆಯೆಂದು 1925ರಲ್ಲಿ ಸ್ಟೆಡ್‌ಮನ್ ಮತ್ತು ಬಾರ್ಜರ್ ಒಂದು ರಚನೆಯನ್ನು ಮುಂದಿಟ್ಟಿದ್ದರು. ಆ ರಚನೆಯಂತೆಯೇ ಸರಳವಾದ ವಸ್ತುಗಳಿಂದ ಒಂದೊಂದೇ ಕೊಂಡಿ ಸೇರಿಸುತ್ತ ಹೋಗಿ, ಕೊನೆಗೆ ಕೈಗೆ ಬಂದದ್ದು ಬೀಜದ ಸತ್ತ್ವವೇ ಆದರೆ ಊಹೆ ನಿಜ. ಕಟ್ಟಿ ತೋರಿಸುವುದೇ ಸಿದ್ಧಾಂತಕ್ಕೆ ಸಾಕ್ಷಿ.

ಈ ಕೆಲಸದಲ್ಲಿ ಜೂಲಿಯನ್ನರಿಗೆ ಎದುರಾಳಿಯಾಗಿದ್ದವರು ಸಾಮಾನ್ಯರಲ್ಲ. ಆಕ್ಸ್‌ಫರ್ಡಿನ ರಾಬರ್ಟ್ ರಾಬಿನ್ಸನ್ ಆ ಕಾಲದ ಸಂಶ್ಲೇಷಕರಲ್ಲಿ ಅಗ್ರಗಣ್ಯರು. 1947ರಲ್ಲಿ ನೊಬೆಲ್ ಪಾರಿತೋಷಕ ಪಡೆದವರು. ಅವರ ತಂಡ ಗುರಿಯ ಹಿಂದಿನ ಮೆಟ್ಟಿಲಾದ ಎಸೆರಿಥೋಲ್ ಎಂಬ ವಸ್ತುವನ್ನು ತಯಾರಿಸಿದ್ದಾಗಿ ಪ್ರಕಟಿಸಿತು. ಗ್ರೀನ್‌ಕ್ಯಾಸಲ್ಲಿನ ಇಬ್ಬರೂ ತಮ್ಮ ದಾರಿಯಲ್ಲಿ ಅದೇ ಎಸೆರಿಥೋಲನ್ನು ತಲುಪಿದರು. ಆದರೆ ಎರಡರ ಗುಣಗಳೂ ಒಂದಕ್ಕೊಂದು ಹೊಂದಲಿಲ್ಲ. ಒಂದೇ ಹೆಸರಿನ ಎರಡು ವಸ್ತುಗಳು, ಒಂದು ತಪ್ಪಿರಲೇಬೇಕು. ಒಂದು ಕಡೆ ಆಕ್ಸ್‌ಫರ್ಡಿನ ಆಚಾರ್ಯ, ಇನ್ನೊಂದು ಕಡೆ ಸಣ್ಣ ಊರಿನ ಕಾಲೇಜಿನಲ್ಲಿ ಖಾಯಂ ಕೆಲಸವಿಲ್ಲದ ಕಪ್ಪು ಮನುಷ್ಯ. ತಪ್ಪಿರುವುದು ರಾಬಿನ್ಸನ್ನರದೇ ಎಂದು ಜೂಲಿಯನ್ ಅಮೆರಿಕನ್ ಕೆಮಿಕಲ್ ಸೊಸೈಟಿಯ ಪತ್ರಿಕೆಯಲ್ಲಿ ಬರೆದುಬಿಟ್ಟರು. ತಪ್ಪು ತಮ್ಮದಾಗಿದ್ದರೆ ಅವರ ವೃತ್ತಿಜೀವನ ಅಲ್ಲಿಗೇ ಮುಗಿಯುತ್ತಿತ್ತು.

ಈಗ ದಿವ್ಯದ ಮಾತು ಬಂತು. ಶುದ್ಧವಾದ ಹರಳೊಂದನ್ನು ಕೂದಲೆಳೆಯಂಥ ಗಾಜಿನ ನಳಿಗೆಯಲ್ಲಿ ತುಂಬಿ, ಉಷ್ಣಮಾಪಕದ ಪಕ್ಕಕ್ಕೆ ಕಟ್ಟಿ, ನಿಧಾನವಾಗಿ ಕಾಯಿಸುತ್ತಾರೆ. ಪ್ರತಿಯೊಂದು ವಸ್ತುವಿಗೂ ಅದರದೇ ಆದ ಕರಗುವ ಬಿಂದುವಿದೆ. ಕಲಬೆರಕೆಯಾಗಿದ್ದರೆ ಮೊದಲೇ ಕರಗಿ ಗುಟ್ಟು ಬಿಟ್ಟುಕೊಡುತ್ತದೆ. ನಾವು ಮಾಡಿದ ಹರಳನ್ನು ನಿಸರ್ಗದ ಹರಳಿನೊಡನೆ ಬೆರೆಸಿ ಕಾಯಿಸಿದರೂ ಕರಗುವ ಬಿಂದು ಕೆಳಗಿಳಿಯದಿದ್ದರೆ ಎರಡೂ ಒಂದೇ ಎಂದು ತೀರ್ಪು. ಇಲ್ಲಿಯೂ ಶಾಖವುಂಟು, ಸಾಕ್ಷಿಯುಂಟು. ಆದರೆ ಇಲ್ಲಿ ಸುಡುವುದು ಮನುಷ್ಯನ ಕೈಯಲ್ಲ, ವಸ್ತು. ಕಾಯಿಸುವವನ ಕುಲಗೋತ್ರಗಳನ್ನು ಆ ನಳಿಗೆ ಕೇಳುವುದಿಲ್ಲ.

ನಿಸರ್ಗದ ಫೈಸೋಸ್ಟಿಗ್ಮೀನಿಗೆ ಕೈಯೂ ಕನ್ನಡಿಯೊಳಗಿನ ಕೈಯೂ ಇರುವಂತೆ ಎಡ ಬಲಗಳ ಭೇದವುಂಟು; ಬೀಜದಲ್ಲಿರುವುದು ಎಡದ್ದು ಮಾತ್ರ. ಜೂಲಿಯನ್ನರೂ ಪಿಕ್ಲರೂ ಎಡಬಲಗಳನ್ನು ಬೇರ್ಪಡಿಸಿ ಎಡದ ಎಸೆರಿಥೋಲನ್ನು ಪಡೆದರು. ಬೀಜದಿಂದ ಬಂದ ವಸ್ತುವಿನೊಡನೆ ಹೋಲಿಸಿದಾಗ ಎರಡೂ ಒಂದೇ ಎಂಬುದು ಖಚಿತವಾಯಿತು. 1935ರಲ್ಲಿ ಫೈಸೋಸ್ಟಿಗ್ಮೀನಿನ ಪೂರ್ಣ ಸಂಶ್ಲೇಷಣೆ ಪ್ರಕಟವಾಯಿತು. ನಳಿಗೆ ಜಯಪತ್ರ ಬರೆದುಕೊಟ್ಟಿತು. ರಾಬಿನ್ಸನ್ನರ ಎಸೆರಿಥೋಲ್ ಬೇರೆಯೇ ವಸ್ತುವೆಂದು ಜಗತ್ತು ಒಪ್ಪಿತು.

ಆದರೆ ಕೇಳಿ, ಮನುಷ್ಯರ ತೀರ್ಪು ಬದಲಾಗಲಿಲ್ಲ. ಇವರನ್ನು ಅಧ್ಯಾಪಕರಾಗಿ ನೇಮಿಸಿಕೊಳ್ಳಬೇಕೆಂಬ ಬ್ಲಾಂಚರ್ಡರ ಯತ್ನವನ್ನು ವಿಶ್ವವಿದ್ಯಾನಿಲಯದ ಆಡಳಿತ ಮಂಡಲಿ ತಳ್ಳಿಹಾಕಿತು. ಡ್ಯೂಪಾಂಟ್ ಎಂಬ ಹೆಸರಾಂತ ಕಂಪೆನಿ ಪಿಕ್ಲರನ್ನು ಕೆಲಸಕ್ಕೆ ತೆಗೆದುಕೊಂಡು, ಜೂಲಿಯನ್ ಕಪ್ಪು ಜನಾಂಗದವರೆಂದು ತಿಳಿದೊಡನೆ ಅವರನ್ನು ಬಿಟ್ಟಿತು. ವಿಸ್ಕಾನ್ಸಿನ್ ರಾಜ್ಯದ ಆಪಲ್‌ಟನ್ನಿನಲ್ಲಿ ಕಾಗದದ ರಸಾಯನಕ್ಕೆಂದೇ ಇದ್ದ ಒಂದು ಸಂಸ್ಥೆಗೆ ಅವರು ಬೇಕಾಗಿದ್ದರು. ಕರಿಯರು ಆ ಊರಿನಲ್ಲಿ ರಾತ್ರಿ ತಂಗಕೂಡದೆಂಬ ಕಟ್ಟಳೆ ಅಡ್ಡಬಂತು. ಕೊನೆಗೆ 1936ರಲ್ಲಿ ಗ್ಲಿಡನ್ ಎಂಬ ಬಣ್ಣದ ಕಂಪೆನಿ ಷಿಕಾಗೋದಲ್ಲಿದ್ದ ತನ್ನ ಸೋಯಾ ವಿಭಾಗದ ಸಂಶೋಧನೆಗೆ ಅವರನ್ನು ಮುಖ್ಯಸ್ಥರನ್ನಾಗಿ ಮಾಡಿಕೊಂಡಿತು. ಆಲ್ಕಲಾಯ್ಡುಗಳ ಪಂಡಿತ ಎಣ್ಣೆಗಿರಣಿಗೆ ಹೋದಂತಾಯಿತು.

ಅಲ್ಲಿಯೂ ಅವರ ಕೈ ಸುಮ್ಮನಿರಲಿಲ್ಲ. ಸೋಯಾ ಅವರೆಯಿಂದ ಪ್ರೋಟೀನನ್ನು ಬೇರ್ಪಡಿಸಿ ಕಾಗದಕ್ಕೆ ಲೇಪ ಕೊಡಲು ಅಣಿಮಾಡಿದರು. ಅದೇ ಪ್ರೋಟೀನಿನಿಂದ ಬಂದ ನೊರೆ ಎರಡನೆಯ ಮಹಾಯುದ್ಧದಲ್ಲಿ ಹಡಗುಗಳ ಮೇಲೆ ಎಣ್ಣೆಗೆ ಹತ್ತಿದ ಬೆಂಕಿಯನ್ನು ಆರಿಸಿತು. 1940ರ ಸುಮಾರಿಗೆ, ಶುದ್ಧಮಾಡಿದ ಸೋಯಾ ಎಣ್ಣೆಯ ಒಂದು ದೊಡ್ಡ ತೊಟ್ಟಿಗೆ ನೀರು ಸೋರಿ, ಎಣ್ಣೆಯಲ್ಲಿ ಬಿಳಿಯ ಗಷ್ಟು ಕಟ್ಟಿಕೊಂಡಿತು. ಎಣ್ಣೆ ಕೆಟ್ಟಿತೆಂದು ಉಳಿದವರು ಕೈಚೆಲ್ಲಿದರು. ಜೂಲಿಯನ್ನರಿಗೆ ಆ ಬಿಳುಪು ಪರಿಚಿತವಾಗಿತ್ತು. ಕಾಲಬಾರ್ ಬೀಜದ ಎಣ್ಣೆಯಲ್ಲಿ ಹಿಂದೊಮ್ಮೆ ಹೀಗೆಯೇ ಹರಳುಗಟ್ಟಿದ್ದುದನ್ನು ಅವರು ನೋಡಿದ್ದರು, ಅದು ಸ್ಟಿಗ್ಮಾಸ್ಟೆರಾಲ್. ನಾಲ್ಕು ಉಂಗುರಗಳು ಬೆಸೆದುಕೊಂಡ ಅದರ ಅಸ್ಥಿಪಂಜರವೇ ನಮ್ಮ ಮೈಯ ಅನೇಕ ಹಾರ್ಮೋನುಗಳ ಅಸ್ಥಿಪಂಜರವೂ ಹೌದು.

ಹೀಗೆ ಎಣ್ಣೆಯ ಗಷ್ಟಿನಿಂದ, ಗರ್ಭವನ್ನು ನಿಲ್ಲಿಸುವ ಪ್ರೊಜೆಸ್ಟೆರೋನನ್ನು ದೊಡ್ಡ ಪ್ರಮಾಣದಲ್ಲಿ ತಯಾರಿಸುವ ದಾರಿ ತೆರೆಯಿತು. ಮೊದಲ ಒಂದು ಪೌಂಡಿಗೆ 63,500 ಡಾಲರ್ ಬೆಲೆಕಟ್ಟಿ, ಶಸ್ತ್ರಸಹಿತ ಕಾವಲಿನಲ್ಲಿ ಸಾಗಿಸಿದರಂತೆ. ಅಷ್ಟು ದುಬಾರಿಯಾಗಿದ್ದ ಮದ್ದು ಮುಂದೆ ಸಾಮಾನ್ಯ ಹೆಂಗಸರ ಕೈಗೂ ಎಟುಕುವಂತಾಯಿತು.

ಇಲ್ಲಿ ಒಂದು ಎಚ್ಚರಿಕೆ. ಕಾರ್ಟಿಸೋನನ್ನು ಕಂಡುಹಿಡಿದವರೇ ಜೂಲಿಯನ್ ಎಂದು ಕೆಲವು ಜನಪ್ರಿಯ ಬರಹಗಳಲ್ಲಿ ಕಾಣುತ್ತದೆ. ಅದು ಸರಿಯಲ್ಲ. ಸಂಧಿವಾತದಿಂದ ಮಲಗಿದವರನ್ನು ಎಬ್ಬಿಸಿ ನಡೆಸಿದ ಆ ಮದ್ದಿನ ಗುಣವನ್ನು 1949ರಲ್ಲಿ ಸಾರಿದವರು ಮೇಯೊ ಚಿಕಿತ್ಸಾಲಯದ ಹೆಂಚ್ ಮತ್ತು ಕೆಂಡಲ್. ಎತ್ತಿನ ಪಿತ್ತರಸದಿಂದ ಮೂವತ್ತಕ್ಕೂ ಹೆಚ್ಚು ಹಂತಗಳಲ್ಲಿ ಅದನ್ನು ಕಟ್ಟಿದವರು ಮರ್ಕ್ ಕಂಪೆನಿಯ ಸಾರೆಟ್. ಜೂಲಿಯನ್ ಅದೇ ವರ್ಷ ಮಾಡಿದ್ದು, ಕಾರ್ಟಿಸೋನಿಗೆ ತೀರ ಹತ್ತಿರದ ‘ಎಸ್ ವಸ್ತು’ವನ್ನು ಸುಲಭವಾಗಿ ತಯಾರಿಸುವ ದಾರಿ. ಹನ್ನೊಂದನೆಯ ಸ್ಥಾನದಲ್ಲಿ ಒಂದು ಆಮ್ಲಜನಕ ಪರಮಾಣುವಿನ ಕೊರತೆ, ಅಷ್ಟೇ ವ್ಯತ್ಯಾಸ. ಆ ಸ್ಥಾನದಲ್ಲಿ ಆಮ್ಲಜನಕವನ್ನು ಕೂರಿಸುವ ಕೆಲಸವನ್ನು ಒಂದು ಬೂಷ್ಟಿನಿಂದ ಮಾಡಿಸಬಹುದೆಂದು 1952ರಲ್ಲಿ ಅಪ್‌ಜಾನ್ ಕಂಪೆನಿಯವರು ತೋರಿಸಿದರು. ಹಲವರ ಕೈ ಸೇರಿ ಅಗ್ಗವಾದ ಮದ್ದು ಅದು. ಇದ್ದುದಷ್ಟನ್ನೇ ಹೇಳಿದರೂ ಜೂಲಿಯನ್ನರ ಪಾಲು ಚಿಕ್ಕದಾಗುವುದಿಲ್ಲ.

1950ರಲ್ಲಿ ಷಿಕಾಗೋದ ಪತ್ರಿಕೆಯೊಂದು ಅವರನ್ನು ಆ ವರ್ಷದ ನಾಗರಿಕನೆಂದು ಗೌರವಿಸಿತು. ಅದೇ ವರ್ಷ ಅವರು ಓಕ್ ಪಾರ್ಕ್ ಎಂಬ ಬಿಳಿಯರ ಉಪನಗರದಲ್ಲಿ ಮನೆ ಕೊಂಡರು. ಸಂಸಾರ ಬಂದು ನೆಲಸುವ ಮುನ್ನವೇ, ನವೆಂಬರಿನಲ್ಲಿ, ಆ ಮನೆಗೆ ಬೆಂಕಿಯಿಡುವ ಯತ್ನ ನಡೆಯಿತು. 1951ರ ಜೂನ್‌ನಲ್ಲಿ ಡೈನಮೈಟ್ ಎಸೆದರು. ಅದು ಮಕ್ಕಳು ಮಲಗುವ ಕೋಣೆಯ ಹೊರಗೆ ಸಿಡಿಯಿತು. ಮನೆ ಬಿಟ್ಟು ಹೋಗಲು ಅವರು ಒಪ್ಪಲಿಲ್ಲ. ರಾತ್ರಿಯ ವೇಳೆ ತಂದೆಯೊಡನೆ ಮರದ ಮೇಲೆ ಕುಳಿತು, ತಂದೆ ಬಂದೂಕು ಹಿಡಿದು ಕಾವಲು ಕಾಯುತ್ತಿದ್ದುದನ್ನು ಮಗ ಮುಂದೆ ನೆನೆದುಕೊಂಡಿದ್ದಾರೆ. ಸೋಯಾದಿಂದ ಬೆಂಕಿ ಆರಿಸುವ ನೊರೆಗೆ ಕಾರಣನಾದ ಮನುಷ್ಯ ತನ್ನ ಮನೆಯ ಬೆಂಕಿಗೆ ಹೀಗೆ ಕಾವಲು ಕೂರಬೇಕಾಯಿತು.

1953ರಲ್ಲಿ ಗ್ಲಿಡನ್ ಬಿಟ್ಟು ಅವರು ತಮ್ಮದೇ ಕಂಪೆನಿ ತೆರೆದರು; ಬೇರೆಡೆ ಬಾಗಿಲು ಮುಚ್ಚಿಸಿಕೊಂಡಿದ್ದ ಅನೇಕ ಕಪ್ಪು ರಸಾಯನಜ್ಞರಿಗೆ ಅಲ್ಲಿ ಕೆಲಸ ಸಿಕ್ಕಿತು. 1961ರಲ್ಲಿ ಅದನ್ನು 23 ಲಕ್ಷ ಡಾಲರಿಗೆ ಮಾರಿದರು. ನೂರಕ್ಕೂ ಹೆಚ್ಚು ಪೇಟೆಂಟುಗಳು ಅವರ ಹೆಸರಿನಲ್ಲಿದ್ದವು. ಅಮೆರಿಕದ ರಾಷ್ಟ್ರೀಯ ವಿಜ್ಞಾನ ಅಕಾಡೆಮಿ ಅವರನ್ನು ಸದಸ್ಯರನ್ನಾಗಿ ಆರಿಸಿದ್ದು 1973ರಲ್ಲಿ, ಫೈಸೋಸ್ಟಿಗ್ಮೀನ್ ಕಟ್ಟಿದ ಮೂವತ್ತೆಂಟು ವರ್ಷಗಳ ಮೇಲೆ. 1975ರ ಏಪ್ರಿಲ್ 19ರಂದು ತೀರಿಕೊಂಡರು. ಅಧ್ಯಾಪಕ ಹುದ್ದೆ ಕೊಡಲೊಲ್ಲದ ಡಿಪಾವ್ ತನ್ನ ವಿಜ್ಞಾನ ಭವನಕ್ಕೆ ಈಗ ಅವರ ಹೆಸರಿಟ್ಟುಕೊಂಡಿದೆ.

ಇಲ್ಲಿಗೆ ನಿಲ್ಲಿಸಿದರೆ ಇದು ಕಷ್ಟಪಟ್ಟು ಮೇಲೆ ಬಂದವರ ಕಥೆಗಳಲ್ಲಿ ಇನ್ನೊಂದಾಗುತ್ತದೆ. ಕೇಳಿದ ನಮಗೂ ಒಂದು ಬಗೆಯ ಸಮಾಧಾನ. ಪ್ರತಿಭೆ ಹೇಗಿದ್ದರೂ ಗೆಲ್ಲುತ್ತದೆ ಎಂದುಕೊಂಡು ರೇಡಿಯೋ ಆರಿಸಿ ಮಲಗಬಹುದು. ಆ ಸಮಾಧಾನವನ್ನು ಸ್ವತಃ ಜೂಲಿಯನ್ ನಮಗೆ ಉಳಿಸಿಲ್ಲ. ಕೊನೆಗಾಲದಲ್ಲಿ ಹಿಂದಿರುಗಿ ನೋಡುತ್ತ, ತಾವು ಬಹುಶಃ ಒಳ್ಳೆಯ ರಸಾಯನಜ್ಞರಾದೆವು, ಆದರೆ ಕನಸು ಕಂಡಿದ್ದ ರಸಾಯನಜ್ಞರಾಗಲಿಲ್ಲ ಎಂಬ ಅರ್ಥದ ಮಾತನ್ನು ಅವರು ಆಡಿದ್ದಾರೆ. ಕೆಲಸ ಸಿಕ್ಕಲ್ಲಿ ಕೆಲಸಮಾಡಿದ ಮನುಷ್ಯ ಅವರು. ಬೇಕಾದಲ್ಲಿ ಕೆಲಸಮಾಡುವ ಭಾಗ್ಯ ಸಿಕ್ಕಿದ್ದು 1932ರಿಂದ ನಾಲ್ಕೇ ವರ್ಷ. ಆ ನಾಲ್ಕು ವರ್ಷಗಳಲ್ಲಿ ಆಕ್ಸ್‌ಫರ್ಡನ್ನು ತಿದ್ದಿದರು. ನಲವತ್ತು ವರ್ಷ ಸಿಕ್ಕಿದ್ದರೆ?

ಕಾಲಬಾರಿನ ದಿವ್ಯವನ್ನು ನಾವು ಕ್ರೂರವೆನ್ನುತ್ತೇವೆ. ಅಲ್ಲಿ ಒಮ್ಮೆ ಬದುಕಿ ಉಳಿದವನನ್ನು ಮತ್ತೆ ಯಾರೂ ಪ್ರಶ್ನಿಸುತ್ತಿರಲಿಲ್ಲ. ಜೂಲಿಯನ್ನರ ಸಮಾಜ ಅವರನ್ನು ಪ್ರತಿವರ್ಷವೂ ದಿವ್ಯಕ್ಕೆ ನಿಲ್ಲಿಸಿತು. ಗೆದ್ದು ಬಂದರೂ ಕಾದ ಕಬ್ಬಿಣವನ್ನು ಮತ್ತೆ ಕೈಗಿಟ್ಟಿತು. ನಮ್ಮ ಶಾಸನಗಳಲ್ಲಿ ಇನ್ನೊಂದು ಸಂಗತಿಯನ್ನು ಗಮನಿಸಿದ್ದೇನೆ. ದಿವ್ಯದ ಬಗೆಗೆ ಕಲ್ಲಿನಲ್ಲಿ ಬರೆಸುವವನು ಗೆದ್ದವನು. ಕೈ ಸುಟ್ಟುಕೊಂಡವನಿಗೆ ಶಾಸನವಿಲ್ಲ.

ನಮ್ಮ ಬೀದಿಯ ಆ ಹಿತ್ತಲ ಕೋಣೆ ಅನೇಕ ವರ್ಷ ಖಾಲಿಯೇ ಇತ್ತು. ಅಳಿಯಂದಿರು ಬರಲಿಲ್ಲ.